ಬಂಟ್ವಾಳದ ಡಿಸ್ಕ್ ನ್ಯೂಜೆರ್ಸಿಯಲ್ಲಿ ಯಾಕೆ ಓಡುವುದಿಲ್ಲ?

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯ ಮನೆಗಳಲ್ಲಿ ಟೀವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ ಹುಡುಕಿದರೆ ಒಂದು ಹಳೆ ಬಿಸ್ಕತ್ತಿನ ಡಬ್ಬವೋ, ಜಿಪ್ ಹಾಳಾದ ಸೀಡಿ ಪೌಚೋ ಸಿಕ್ಕೇ ಸಿಗುತ್ತದೆ. ಅದರಲ್ಲಿ ಅಕ್ಕನ ಮದುವೆಯ ಮೂರು ಡಿಸ್ಕು, ಹೊಸ ಮನೆಯ ಒಕ್ಕಲು, ಅಜ್ಜನ ಎಪ್ಪತ್ತನೇ ವರ್ಷದ ಶಾಂತಿ, ಮನೆ ಎದುರಿನ ಗದ್ದೆಯಲ್ಲಿ ಆಡಿಸಿದ ಕಟೀಲು ಮೇಳದ ಹರಕೆ ಆಟ. ಇವೆಲ್ಲ ಸುಮಾರಾಗಿ 1998ರಿಂದ 2015ರ ನಡುವಿನವು. ಅದಕ್ಕಿಂತ ಹಿಂದಿನದ್ದು ವೀಡಿಯೊ ಕ್ಯಾಸೆಟ್, ಆಮೇಲಿನದ್ದು ಪೆನ್‌ಡ್ರೈವ್ ಮತ್ತು ಮೊಬೈಲು. ನಡುವಿನ ಈ ಹದಿನೈದು ಚಿಲ್ಲರೆ ವರ್ಷ ನಮ್ಮ ಊರಿನ ನೆನಪೆಲ್ಲ ಇರುವುದು ಹೊಳೆಯುವ ತಟ್ಟೆಯ ಮೇಲೆ.

ಈ ಡಿಸ್ಕುಗಳು ದುಬೈಗೆ, ಮಸ್ಕತ್ತಿಗೆ, ದೋಹಾಕ್ಕೆ ಹೋದಾಗ ಯಾರಿಗೂ ಏನೂ ತೊಂದರೆ ಆಗಲಿಲ್ಲ. ಅಲ್ಲಿಯೂ ನಮ್ಮದೇ ಪಾಲ್ ಪದ್ಧತಿ. ತೊಂದರೆ ಶುರುವಾದದ್ದು ಮಗಳು ಅಮೆರಿಕಕ್ಕೋ ಕೆನಡಾಕ್ಕೋ ಹೋದ ಮೇಲೆ. ಸೂಟ್‌ಕೇಸಿನಲ್ಲಿ ಹಪ್ಪಳ, ಉಪ್ಪಿನಕಾಯಿ ಜೊತೆ ಮದುವೆ ಡಿಸ್ಕ್ ಕೂಡ ಹೋಯಿತು. ಅಲ್ಲಿನ ಪ್ಲೇಯರಿಗೆ ಹಾಕಿದರೆ ಒಂದೋ 'ಈ ಡಿಸ್ಕ್ ಆಗುವುದಿಲ್ಲ' ಎನ್ನುತ್ತದೆ, ಇಲ್ಲವೇ ಚಿತ್ರ ಕಪ್ಪು ಬಿಳುಪಾಗಿ ಮೇಲಿಂದ ಕೆಳಗೆ ಉರುಳುತ್ತಾ ಇರುತ್ತದೆ. ಫೋನಿನಲ್ಲಿ ಅಮ್ಮನಿಗೆ ವರದಿ: 'ಸ್ಟುಡಿಯೋದವರು ಸರಿ ಮಾಡಿ ಕೊಡಲಿಲ್ಲ.' ಸ್ಟುಡಿಯೋದವರ ತಪ್ಪು ಏನೂ ಇಲ್ಲ ಮಾರಾಯ್ರೆ! ತಪ್ಪು ಹುಡುಕಲೇಬೇಕೆಂದಿದ್ದರೆ ಕರೆಂಟಿನಿಂದ ಶುರು ಮಾಡಬೇಕು.

ನಮ್ಮ ಸಂಘದ ನಾಲ್ಕೈದು ಜನ ರಜೆಯಲ್ಲಿ ನೆಂಟರಿಷ್ಟರ, ನೆರೆಕರೆಯವರ ಇಂಥ ಡಿಸ್ಕುಗಳನ್ನು ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಬದಲಾಯಿಸಿ ಕೊಡುವ ಕೆಲಸ ಮಾಡುತ್ತಾ ಬಂದಿದ್ದೇವೆ. 'ಬಟನ್ ಒತ್ತಿದರೆ ಆಯಿತಲ್ಲ' ಎನ್ನುವವರೇ ಹೆಚ್ಚು. ಬಟನ್ ಒತ್ತಿದರೆ ಆಗುತ್ತದೆ, ನಿಜ. ಆದರೆ ಹಾಗೆ ಆದದ್ದನ್ನು ನೋಡಿದರೆ ವೇಷದವನಿಗೆ ಎರಡು ಕಿರೀಟ, ಮದುಮಗಳಿಗೆ ನಾಲ್ಕು ಕೈ ಕಾಣುತ್ತದೆ. ಯಾಕೆ ಹಾಗಾಗುತ್ತದೆ, ಆಗದ ಹಾಗೆ ಮಾಡುವುದು ಹೇಗೆ ಎಂಬುದೇ ಈ ಪಾಠ.

50 ಮತ್ತು 60

ಟೀವಿ ಹುಟ್ಟಿದ ಕಾಲದಲ್ಲಿ ಚಿತ್ರದ ಲಯವನ್ನು ಮನೆಗೆ ಬರುವ ಕರೆಂಟಿನ ಆವರ್ತನಕ್ಕೆ ಹೊಂದಿಸಿದರು. ಇಲ್ಲದಿದ್ದರೆ ಕರೆಂಟಿನ ಗುಂಯ್ ಚಿತ್ರದ ಮೇಲೆ ಪಟ್ಟಿಯಾಗಿ ಹರಿದಾಡುತ್ತಿತ್ತು. ಅಮೆರಿಕದಲ್ಲಿ 60 ಹರ್ಟ್ಜ್, ಯುರೋಪಿನಲ್ಲಿ 50. ಎನ್‌ಟಿಎಸ್‌ಸಿ ಕಪ್ಪು ಬಿಳುಪಿನ ಪದ್ಧತಿಯಾಗಿ 1941ರಲ್ಲಿ ಬಂತು, ಅದಕ್ಕೆ ಬಣ್ಣ ಸೇರಿದ್ದು 1953ರಲ್ಲಿ. ಪಾಲ್ ಪದ್ಧತಿಯನ್ನು ರೂಪಿಸಿದ್ದು ಜರ್ಮನಿಯ ಟೆಲಿಫುಂಕೆನ್ ಕಂಪನಿಯ ವಾಲ್ಟರ್ ಬ್ರೂಖ್, 1960ರ ದಶಕದ ಆರಂಭದಲ್ಲಿ. ಪ್ರಸಾರ ಶುರುವಾದದ್ದು 1967ರಲ್ಲಿ. ನಮ್ಮ ದೂರದರ್ಶನ 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸಿನ ವರ್ಷ, ಬಣ್ಣಕ್ಕೆ ಹೋದಾಗ ಪಾಲ್ ಅನ್ನೇ ಆರಿಸಿಕೊಂಡಿತು. ನಮ್ಮಲ್ಲಿ ಕರೆಂಟು 50 ಹರ್ಟ್ಜ್ ಅಲ್ಲವೇ, ಬೇರೆ ದಾರಿ ಇರಲಿಲ್ಲ ಅಂತಲೇ ಹೇಳಬೇಕು.

ಪಾಲ್‌ನಲ್ಲಿ ಒಂದು ಫ್ರೇಮಿಗೆ 625 ಸಾಲು, ಅದರಲ್ಲಿ ಚಿತ್ರಕ್ಕೆ ಸಿಗುವುದು 576. ಸೆಕೆಂಡಿಗೆ 25 ಫ್ರೇಮು. ಎನ್‌ಟಿಎಸ್‌ಸಿಯಲ್ಲಿ 525 ಸಾಲು, ಡಿಸ್ಕಿನಲ್ಲಿ ಚಿತ್ರಕ್ಕೆ 480, ಸೆಕೆಂಡಿಗೆ 29.97 ಫ್ರೇಮು. ಈ 29.97 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಮೊದಲು ಸರಿಯಾಗಿ 30 ಇತ್ತು. ಬಣ್ಣದ ಸಂಕೇತ ಸೇರಿಸುವಾಗ ಅದು 4.5 ಮೆಗಾಹರ್ಟ್ಜ್‌ನಲ್ಲಿದ್ದ ಧ್ವನಿಯ ವಾಹಕದೊಂದಿಗೆ ಸೇರಿ ಚಿತ್ರದಲ್ಲಿ ಚುಕ್ಕಿ ಮೂಡಿಸುವ ಅಪಾಯ ಇತ್ತು. ಧ್ವನಿಯನ್ನು ಅಲುಗಿಸುವ ಬದಲು ಸಾಲಿನ ಆವರ್ತನವನ್ನೇ ಧ್ವನಿ ವಾಹಕದ 286ನೇ ಒಂದು ಭಾಗ ಎಂದು ನಿಗದಿ ಮಾಡಿದರು. 45,00,000 ಭಾಗಿಸು 286, ಮತ್ತೆ ಭಾಗಿಸು 525. ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ, 29.97 ಬರುತ್ತದೆ. ಅಂದರೆ 30ನ್ನು 1000ದಿಂದ ಗುಣಿಸಿ 1001ರಿಂದ ಭಾಗಿಸಿದಷ್ಟು. ಸಾವಿರಕ್ಕೆ ಒಂದರ ಈ ವ್ಯತ್ಯಾಸ ಚಿಕ್ಕದು ಎಂದು ಬಿಡಬೇಡಿ, ಮುಂದೆ ಬರುತ್ತದೆ.

ಹಾಗಾದರೆ ಡಿಸ್ಕ್ ಡಿಜಿಟಲ್ ಅಲ್ಲವೇ, ಅದಕ್ಕೂ ಈ ಹಳೆ ಜಗಳಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬಣ್ಣದ ವಾಹಕ, ಅದರ ಫೇಸು ಇವೆಲ್ಲ ಡಿಸ್ಕಿನಲ್ಲಿ ಇಲ್ಲವೇ ಇಲ್ಲ, ಸರಿ. ಅವನ್ನು ಪ್ಲೇಯರು ಹೊರಗೆ ಕಳಿಸುವಾಗ ಸೇರಿಸುತ್ತದೆ. ಆದರೆ ಸಾಲುಗಳ ಸಂಖ್ಯೆ ಮತ್ತು ಫ್ರೇಮ್ ವೇಗ ಡಿಸ್ಕಿನ ಒಳಗೇ ಬರೆದಿದೆ. ಪಾಲ್ ಡಿವಿಡಿ ಅಂದರೆ 720 ಗುಣಿಸು 576, ಎನ್‌ಟಿಎಸ್‌ಸಿ ಡಿವಿಡಿ ಅಂದರೆ 720 ಗುಣಿಸು 480. ಅಡ್ಡಕ್ಕೆ ಎರಡರಲ್ಲಿಯೂ 720 ಇರುವುದು ಕಾಕತಾಳೀಯವಲ್ಲ. ಸೆಕೆಂಡಿಗೆ 1.35 ಕೋಟಿ ಸ್ಯಾಂಪಲ್ ಎಂಬ ಒಂದೇ ವೇಗವನ್ನು ಎರಡಕ್ಕೂ ಇಟ್ಟರು: ಪಾಲ್‌ನಲ್ಲಿ 864 ಗುಣಿಸು 625 ಗುಣಿಸು 25, ಎನ್‌ಟಿಎಸ್‌ಸಿಯಲ್ಲಿ 858 ಗುಣಿಸು 525 ಗುಣಿಸು 29.97. ಎರಡೂ ಅಲ್ಲಿಗೇ ಬರುತ್ತವೆ. ಇಷ್ಟು ಚೆಂದದ ಹೊಂದಾಣಿಕೆ ಬೇರೆ ಎಲ್ಲಿಯೂ ನೋಡಿಲ್ಲ ನಾವು!

ಕಪ್ಪು ಬಿಳುಪಾಗಿ ಉರುಳುವುದರ ಗುಟ್ಟೂ ಇಲ್ಲೇ ಇದೆ. ಅಮೆರಿಕದ ಹಳೆ ಟೀವಿ 3.58 ಮೆಗಾಹರ್ಟ್ಜ್‌ನಲ್ಲಿ ಬಣ್ಣ ಹುಡುಕುತ್ತದೆ, ಪಾಲ್ ಸಂಕೇತದ ಬಣ್ಣ 4.43ರಲ್ಲಿದೆ. ಸಿಗಲಿಲ್ಲ, ಹಾಗಾಗಿ ಕಪ್ಪು ಬಿಳುಪು. ಸೆಕೆಂಡಿಗೆ 60 ಸಲ ಮೇಲಿಂದ ಶುರು ಮಾಡುವ ಅಭ್ಯಾಸದ ಟೀವಿಗೆ 50 ಸಲ ಮಾತ್ರ ಚಿತ್ರ ಬಂದರೆ ಅದು ಉರುಳುತ್ತದೆ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. 'ರೀಜನ್ ಕೋಡ್ ಸಮಸ್ಯೆ ಇರಬೇಕು' ಎನ್ನುವವರಿದ್ದಾರೆ. ಅದು ಸಿನಿಮಾ ಕಂಪನಿಗಳು ಮಾರಾಟಕ್ಕಾಗಿ ಹಾಕಿದ ಬೇಲಿ. ಅಮೆರಿಕಕ್ಕೆ 1, ಭಾರತಕ್ಕೆ 5. ಬಿ.ಸಿ. ರೋಡಿನ ಸ್ಟುಡಿಯೋದಲ್ಲಿ ಬರೆದ ಮದುವೆ ಡಿಸ್ಕಿಗೆ ಅಂಥ ಬೇಲಿ ಇರುವುದಿಲ್ಲ. ಇಲ್ಲಿರುವುದು ಬರೀ ಫ್ರೇಮು, ಸಾಲುಗಳ ಪ್ರಶ್ನೆ.

ಬದಲಾಯಿಸುವುದು ಬೇಕೇ?

ಮೊದಲು ಇದನ್ನು ಕೇಳಿ. ನಮ್ಮ ಹತ್ತಿರ ಬರುವವರಲ್ಲಿ ಅರ್ಧ ಜನರಿಗೆ ಬದಲಾಯಿಸುವ ಅಗತ್ಯವೇ ಇರುವುದಿಲ್ಲ.

ಅಮೆರಿಕದಿಂದ ಬಂದ ಡಿಸ್ಕು, ಅಂದರೆ ಮೊಮ್ಮಗುವಿನ ಬರ್ತ್‌ಡೇ, ಎನ್‌ಟಿಎಸ್‌ಸಿಯಲ್ಲಿದ್ದರೂ ನಮ್ಮ ಊರಿನ ಪ್ಲೇಯರುಗಳಲ್ಲಿ ಹೆಚ್ಚಾಗಿ ಓಡುತ್ತದೆ. ಇಲ್ಲಿ ಮಾರಿದ ಪ್ಲೇಯರುಗಳಿಗೆ, ಟೀವಿಗಳಿಗೆ ಎರಡೂ ಗೊತ್ತು. ಸೆಟಪ್‌ನಲ್ಲಿ ಟೀವಿ ಪದ್ಧತಿಯನ್ನು 'ಆಟೋ' ಅಥವಾ 'ಮಲ್ಟಿ'ಗೆ ಇಟ್ಟರೆ ಸಾಕು. ಅಲ್ಲಿಯವು ಹಾಗಲ್ಲ, ಬಹಳಷ್ಟು ಪ್ಲೇಯರುಗಳಿಗೆ ಎನ್‌ಟಿಎಸ್‌ಸಿ ಮಾತ್ರ ಗೊತ್ತು. ಹಾಗಾಗಿ ಇದು ಒಮ್ಮುಖ ರಸ್ತೆಯ ಸಮಸ್ಯೆ.

ಕಂಪ್ಯೂಟರಿಗಂತೂ ಯಾವ ಭೇದವೂ ಇಲ್ಲ, ವಿಎಲ್‌ಸಿ ಎರಡನ್ನೂ ಓಡಿಸುತ್ತದೆ. ಮಗಳಿಗೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಸಾಕು ಎಂದಾದರೆ ಡಿಸ್ಕಿನ ಪೂರ್ತಿ ನಕಲನ್ನು ಹಾಗೇ ಕಳಿಸಿ. 576 ಸಾಲು, 25 ಫ್ರೇಮು, ಏನನ್ನೂ ಮುಟ್ಟದೆ. ಪರಿವರ್ತನೆ ಎಂದರೆ ಯಾವಾಗಲೂ ನಷ್ಟವೇ. 576ರಿಂದ 480ಕ್ಕೆ ಇಳಿದರೆ ಆರರಲ್ಲಿ ಒಂದು ಪಾಲು ಸಾಲು ಹೋಯಿತು. ಮೇಲಿಂದ ಫ್ರೇಮು ಹೆಚ್ಚಾದ್ದರಿಂದ ಒಂದೊಂದು ಫ್ರೇಮಿಗೆ ಸಿಗುವ ಬಿಟ್ಟುಗಳೂ ಕಡಿಮೆ: ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ ಪಾಲ್ ಫ್ರೇಮಿಗೆ 200 ಕಿಲೋಬಿಟ್, ಎನ್‌ಟಿಎಸ್‌ಸಿ ಫ್ರೇಮಿಗೆ 167.

ಹಾಗಾದರೆ ಬೇಕಾದದ್ದು ಯಾರಿಗೆ? ಅಲ್ಲಿ ಮಗನ ಮನೆಯಲ್ಲಿ ಆರು ತಿಂಗಳು ಇರಲು ಹೋದ ಅಜ್ಜಿಗೆ. ಅವರಿಗೆ ಲ್ಯಾಪ್‌ಟಾಪ್ ಬೇಡ, ಲಿಂಕ್ ಬೇಡ. ಹಳೆ ಪ್ಲೇಯರಿಗೆ ಡಿಸ್ಕ್ ಹಾಕಬೇಕು, ರಿಮೋಟಿನ ಒಂದು ಬಟನ್ ಒತ್ತಬೇಕು, ಊರಿನ ಆಟ ಕಾಣಬೇಕು. ಬೆಳ್ತಂಗಡಿಯ ಒಬ್ಬರು ಅಜ್ಜಿ ಹೊರಡುವ ವಾರ ನಮ್ಮಲ್ಲಿಗೆ ಮೊಮ್ಮಗನ ಕೈಯಲ್ಲಿ ನಾಲ್ಕು ಡಿಸ್ಕ್ ಕೊಟ್ಟು ಕಳಿಸಿದ್ದರು. ಒಂದು ಚೀಟಿಯೂ ಇತ್ತು: 'ಅಜ್ಜನ ಅರ್ಥ ಇರುವುದು ಎರಡನೆಯದರಲ್ಲಿ. ಅದೊಂದು ಸರಿಯಾದರೆ ಸಾಕು, ಮಗಾ.' ತೀರಿಹೋದ ಗಂಡ ಊರಿನ ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳಿದ್ದು. ಬೇರೆಲ್ಲಿಯೂ ಆ ಧ್ವನಿ ಇಲ್ಲ. ಇಂಥ ಡಿಸ್ಕು ಕೈಗೆ ಬಂದಾಗ ಯಾವ ಬಟನ್ ಒತ್ತಬೇಕು ಎಂಬುದು ಸಣ್ಣ ವಿಷಯವಲ್ಲ.

ಮೊದಲು ನಕಲು

ಬರೆದ ಸೀಡಿ, ಡಿವಿಡಿಗಳಲ್ಲಿ ಮಾಹಿತಿ ಇರುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಶತ್ರು. ನಮ್ಮ ಜಿಲ್ಲೆಯಲ್ಲಿ ಈ ಮೂರಕ್ಕೂ ಬರ ಇಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೇ ಬೂಸ್ಟು ಬರುವ ಊರಿನಲ್ಲಿ ಡಿಸ್ಕಿಗೆ ಬರದೆ ಇರುತ್ತದೆಯೇ?

ಬೂಸ್ಟನ್ನು ಮೆತ್ತನೆಯ ಹತ್ತಿ ಬಟ್ಟೆ ಸ್ವಲ್ಪ ಒದ್ದೆ ಮಾಡಿಕೊಂಡು ನಡುವಿನಿಂದ ಅಂಚಿನ ಕಡೆಗೆ ನೇರ ಎಳೆದು ಒರೆಸಿ. ಸುತ್ತಲೂ ತಿರುಗಿಸಿ ಒರೆಸಬಾರದು. ಟ್ರ್ಯಾಕಿನ ಉದ್ದಕ್ಕೆ ಗೀರು ಬಿದ್ದರೆ ತಪ್ಪು ತಿದ್ದುವ ವ್ಯವಸ್ಥೆಗೂ ಕೈಲಾಗುವುದಿಲ್ಲ. ಸೀಡಿಯ ಹೆಸರು ಬರೆದ ಬದಿ ಇನ್ನೂ ನಾಜೂಕು, ಮಾಹಿತಿ ಪದರ ಅದರ ಕೆಳಗೇ ಇದೆ. ಅಂಟಿಸಿದ ಮದುವೆ ಫೋಟೋದ ಸ್ಟಿಕ್ಕರ್ ಕೀಳಲು ಹೋಗಬೇಡಿ, ಮದುಮಗನ ಜೊತೆ ಮದುವೆಯೂ ಎದ್ದು ಬರುತ್ತದೆ.

ಡಿವಿಡಿಯಾದರೆ ಫೈಲುಗಳನ್ನು ಎಳೆದು ಹಾಕುವ ಬದಲು ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಲಿನಕ್ಸಿನ 'ಡಿಡಿರೆಸ್ಕ್ಯೂ' ನಮಗೆ ಮೆಚ್ಚಿನದ್ದು. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಓದಲಾಗದ ಜಾಗಗಳ ಲೆಕ್ಕವನ್ನು ಒಂದು ಮ್ಯಾಪ್ ಫೈಲಿನಲ್ಲಿ ಇಟ್ಟು, ಮತ್ತೆ ಮತ್ತೆ ಅಲ್ಲಿಗೆ ಮಾತ್ರ ಹೋಗುತ್ತದೆ. ಡ್ರೈವ್ ಬದಲಾಯಿಸಿ ಅದೇ ಮ್ಯಾಪಿನಿಂದ ಮುಂದುವರಿಸಬಹುದು. ಇನ್ನೊಂದು ಉಪಾಯ ಉಂಟು. ಮದುವೆ ಡಿಸ್ಕಿನ ಒಂದು ಸೆಟ್ ಹುಡುಗಿಯ ಮನೆಯಲ್ಲಿ, ಒಂದು ಸೆಟ್ ಹುಡುಗನ ಮನೆಯಲ್ಲಿ ಇರುತ್ತದೆ ತಾನೇ? ಒಂದೇ ಇಮೇಜಿನಿಂದ ಬರೆದ ಎರಡು ನಕಲು ಅವು. ಬಂಟ್ವಾಳದ ಡಿಸ್ಕಿನಲ್ಲಿ ಧಾರೆ ಓದಲಾಗದಿದ್ದರೆ ಬೆಳ್ತಂಗಡಿಯ ಡಿಸ್ಕು ಹಾಕಿ ಅದೇ ಮ್ಯಾಪಿನ ಮೇಲೆ ಮುಂದುವರಿಸಿ. ಎರಡೂ ಒಂದೇ ಜಾಗದಲ್ಲಿ ಹಾಳಾಗಿರುವ ಸಂಭವ ಕಡಿಮೆ.

ವಿಸಿಡಿಗೆ ಈ ದಾರಿ ನಡೆಯುವುದಿಲ್ಲ. ಮಾಮೂಲು ಡೇಟಾ ಸೀಡಿಯಲ್ಲಿ ಒಂದು ಸೆಕ್ಟರಿಗೆ 2048 ಬೈಟು ಮಾಹಿತಿ, ಉಳಿದದ್ದರಲ್ಲಿ ಹೆಚ್ಚಿನಂಶ ತಪ್ಪು ತಿದ್ದಲಿಕ್ಕೆ. ವಿಸಿಡಿಯಲ್ಲಿ ಆ ಹೆಚ್ಚುವರಿ ರಕ್ಷಣೆಯನ್ನು ಬಿಟ್ಟುಕೊಟ್ಟು 2324 ಬೈಟನ್ನೂ ಚಿತ್ರಕ್ಕೆ ಕೊಟ್ಟರು. ಸೆಕೆಂಡಿಗೆ 75 ಸೆಕ್ಟರು, ಅಂದರೆ ಸುಮಾರು 1.39 ಮೆಗಾಬಿಟ್; ಅದರಲ್ಲಿ 1150 ಕಿಲೋಬಿಟ್ ಚಿತ್ರ, 224 ಕಿಲೋಬಿಟ್ ಧ್ವನಿ. 650 ಎಂಬಿ ಸೀಡಿಯಲ್ಲಿ 74 ನಿಮಿಷ ಹಿಡಿಸಿದ್ದು ಹೀಗೆ. ರಕ್ಷಣೆ ಇಲ್ಲದ ಕಾರಣ ಸಣ್ಣ ಗೀರಿಗೂ ಚಿತ್ರ ಚೌಕಚೌಕವಾಗುತ್ತದೆ, ಮತ್ತು ಸಾಧಾರಣ ಕಾಪಿ ಅರ್ಧದಲ್ಲಿ ನಿಲ್ಲುತ್ತದೆ. 'ವಿಸಿಡಿಇಮೇಜರ್' ಎಂಬ ಸಾಧನದಲ್ಲಿ ವಿಸಿಡಿಯನ್ನು ವಿಸಿಡಿಯಾಗಿಯೇ ಓದಿ ಎಂಪೆಗ್ ಫೈಲು ಎತ್ತುವ ಸೌಕರ್ಯ ಇದೆ, ಅದನ್ನು ಬಳಸಿ.

ಧೀಂಗಿಣ ಎಂಬ ಪರೀಕ್ಷೆ

ಈಗ ಮುಖ್ಯ ಪಾಠ. ಪಾಲ್ ಡಿವಿಡಿಯಲ್ಲಿ 25 ಫ್ರೇಮು ಎಂದೆವು. ಆದರೆ ಕ್ಯಾಮೆರಾ ನೋಡಿದ್ದು ಸೆಕೆಂಡಿಗೆ 50 ಸಲ. ಒಮ್ಮೆ ಬೆಸ ಸಾಲುಗಳು, ಸೆಕೆಂಡಿನ ಐವತ್ತನೇ ಒಂದು ಭಾಗದ ನಂತರ ಸಮ ಸಾಲುಗಳು. ಇವು ಫೀಲ್ಡುಗಳು. ಒಂದು ಫ್ರೇಮ್ ಅಂದರೆ ಎರಡು ಬೇರೆ ಬೇರೆ ಕ್ಷಣಗಳನ್ನು ಬಾಚಣಿಗೆಯ ಹಾಗೆ ಹೆಣೆದದ್ದು.

ಲೆಕ್ಕಕ್ಕೆ ನಮ್ಮ ಕಂಬಳವನ್ನೇ ತೆಗೆದುಕೊಳ್ಳಿ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಮೂಡಬಿದ್ರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಸೆಕೆಂಡಿಗೆ 10.46 ಮೀಟರು. ಅಂಥ ಓಟವನ್ನು ಬದಿಯಿಂದ ಪಾಲ್ ಕ್ಯಾಮೆರಾದಲ್ಲಿ ಹಿಡಿದರೆ ಒಂದು ಫೀಲ್ಡಿನಿಂದ ಮುಂದಿನ ಫೀಲ್ಡಿಗೆ ಕೋಣ ಸುಮಾರು 21 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಒಂದೇ ಫ್ರೇಮಿನಲ್ಲಿ ಬೆಸ ಸಾಲಿನ ಕೋಣಕ್ಕೂ ಸಮ ಸಾಲಿನ ಕೋಣಕ್ಕೂ ಒಂದು ಗೇಣು ಅಂತರ! ಹಳೆ ಟೀವಿಯಲ್ಲಿ ಅವು ಒಂದಾದ ಮೇಲೆ ಒಂದು ಬರುವುದರಿಂದ ಓಟ ನಯವಾಗಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ನಿಲ್ಲಿಸಿದರೆ ಕೋಣದ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ.

ಈಗ ಈ ಫ್ರೇಮಿನ 576 ಸಾಲನ್ನು ಹಾಗೇ 480ಕ್ಕೆ ಒತ್ತಿದರೆ ಏನಾಗುತ್ತದೆ? ಬೆಸ ಸಮ ಸಾಲುಗಳು ಕಲಸಿ ಹೋಗುತ್ತವೆ. ಎರಡು ಕ್ಷಣಗಳನ್ನು ಮತ್ತೆ ಬೇರ್ಪಡಿಸಲು ಬರುವುದಿಲ್ಲ. ಬಿಟ್ಟಿ ಸಾಫ್ಟ್‌ವೇರುಗಳು, ಬೀದಿಬದಿಯ 'ಕನ್ವರ್ಟ್ ಮಾಡಿಕೊಡುತ್ತೇವೆ' ಬೋರ್ಡುಗಳು ಹೆಚ್ಚಾಗಿ ಮಾಡುವುದು ಇದನ್ನೇ. ಆಮೇಲೆ 25ನ್ನು 29.97 ಮಾಡಲು ಪ್ರತಿ ಐದು ಫ್ರೇಮಿಗೆ ಒಂದನ್ನು ಎರಡು ಸಲ ತೋರಿಸುತ್ತವೆ. ಸೆಕೆಂಡಿಗೆ ಐದು ಸಲ ಚಿತ್ರ ತಡೆದು ತಡೆದು ಹೋಗುತ್ತದೆ. ಮಂಟಪದಲ್ಲಿ ಕೂತ ಮದುಮಕ್ಕಳಿಗೆ ಇದು ಗೊತ್ತಾಗುವುದಿಲ್ಲ, ಅವರು ಹೇಗೂ ಅಲ್ಲಾಡುವುದಿಲ್ಲ. ಗೊತ್ತಾಗುವುದು ಪುಂಡುವೇಷ ಧೀಂಗಿಣ ಹೊಡೆಯುವಾಗ. ಸುತ್ತು ನಡುವೆ ಮುಗ್ಗರಿಸಿದ ಹಾಗೆ ಕಾಣುತ್ತದೆ. ಇಪ್ಪತ್ತು ವರ್ಷ ರಂಗದಲ್ಲಿ ಮುಗ್ಗರಿಸದ ಕಲಾವಿದ ನಮ್ಮ ಸಾಫ್ಟ್‌ವೇರಿನಲ್ಲಿ ಮುಗ್ಗರಿಸಬೇಕೇ?

ಸರಿಯಾದ ಕ್ರಮ ಹೀಗೆ. ಮೊದಲು ಫೀಲ್ಡುಗಳನ್ನು ಬಿಡಿಸಿ. ಪ್ರತಿ ಫೀಲ್ಡಿನ ಬಿಟ್ಟುಹೋದ ಸಾಲುಗಳನ್ನು ಅಕ್ಕಪಕ್ಕದ ಸಾಲು ಮತ್ತು ಹಿಂದಿನ ಮುಂದಿನ ಫೀಲ್ಡು ನೋಡಿ ತುಂಬಿಸಿದರೆ ಸೆಕೆಂಡಿಗೆ 50 ಪೂರ್ಣ ಚಿತ್ರ ಸಿಗುತ್ತವೆ. ಇದಕ್ಕೆ 'ಬಾಬ್' ಎನ್ನುತ್ತಾರೆ. ಎಫ್‌ಎಫ್‌ಎಂಪೆಗ್‌ನಲ್ಲಿ ಇದನ್ನು ಮಾಡುವ ಫಿಲ್ಟರುಗಳಿವೆ, ಪ್ರತಿ ಫೀಲ್ಡಿಗೊಂದು ಫ್ರೇಮ್ ಕೊಡುವ ಆಯ್ಕೆಯನ್ನೇ ಆರಿಸಿಕೊಳ್ಳಿ. ಎರಡನೆಯದಾಗಿ ಈ 50ನ್ನು 59.94 ಮಾಡಿ. ಮೂರನೆಯದು, ಎತ್ತರವನ್ನು 480ಕ್ಕೆ ಇಳಿಸಿ. ಕೊನೆಗೆ ಒಂದರಿಂದ ಬೆಸ ಸಾಲು, ಮುಂದಿನದರಿಂದ ಸಮ ಸಾಲು ತೆಗೆದು ಮತ್ತೆ ಹೆಣೆಯಿರಿ. 59.94 ಚಿತ್ರ 29.97 ಫ್ರೇಮ್ ಆಯಿತು. ಬಿಡಿಸುವುದು ಮೊದಲು, ಇಳಿಸುವುದು ಆಮೇಲೆ. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಕಷ್ಟ ಇರುವುದು ಎರಡನೇ ಹೆಜ್ಜೆಯಲ್ಲಿ. ಲೆಕ್ಕ ಸುಲಭವಾಗಲಿ ಎಂದು 60 ಎಂದೇ ಹಿಡಿಯೋಣ. ಐದು ಚಿತ್ರಗಳ ಜಾಗದಲ್ಲಿ ಆರು ಬೇಕು. ಬೇಕಾದ ಕ್ಷಣಗಳು ಮೂಲದ ಲೆಕ್ಕದಲ್ಲಿ 0, 0.83, 1.67, 2.5, 3.33, 4.17. ಆರರಲ್ಲಿ ಒಂದು ಮಾತ್ರ ಮೂಲಕ್ಕೆ ಸರಿ ಹೊಂದುತ್ತದೆ. ಉಳಿದ ಐದು ಕ್ಷಣಗಳನ್ನು ಕ್ಯಾಮೆರಾ ನೋಡಿಯೇ ಇಲ್ಲ. ಬೆರೆಸುವ ವಿಧಾನದಲ್ಲಿ 0.83ಕ್ಕೆ ಮೊದಲ ಚಿತ್ರದ 17 ಪಾಲು, ಎರಡನೆಯದರ 83 ಪಾಲು ಸೇರಿಸುತ್ತಾರೆ. ಅಲ್ಲಿ ಎರಡನೇ ನೆರಳು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. 2.5ರಲ್ಲಿ ಮಾತ್ರ ಅರ್ಧ ಅರ್ಧ, ಎರಡು ಕಿರೀಟ ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. ಚಲನೆಯನ್ನು ಊಹಿಸುವ ವಿಧಾನ ಇನ್ನೊಂದು. ಕಿರೀಟ ಇಲ್ಲಿಂದ ಅಲ್ಲಿಗೆ ಹೋಗಿದೆ, ಹಾಗಾದರೆ ನಡುವೆ ಇಲ್ಲಿ ಇದ್ದಿರಬೇಕು ಎಂದು ಲೆಕ್ಕ ಹಾಕಿ ಹೊಸ ಚಿತ್ರ ಬರೆಯುತ್ತದೆ. ಕಂಬಳಕ್ಕೆ ಇದು ಅದ್ಭುತ. ಎಲ್ಲ ಒಂದೇ ದಿಕ್ಕಿಗೆ ಓಡುತ್ತದೆ, ಊಹೆ ತಪ್ಪುವುದಿಲ್ಲ. ಆದರೆ ಕೆಸರುನೀರು ಎರಚಿದರೆ, ಚೆಂಡೆಯ ಕೋಲು ಕಾಣದಷ್ಟು ವೇಗವಾಗಿ ಬಡಿದರೆ, ಧೀಂಗಿಣದಲ್ಲಿ ಗೆಜ್ಜೆಕಾಲು ಇನ್ನೊಂದು ಕಾಲಿನ ಹಿಂದೆ ಮರೆಯಾದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಕೈ ಕರಗಿ ವೇಷದ ಬಟ್ಟೆಗೆ ಅಂಟಿದ ಹಾಗೆ ಕಾಣುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ ಆಟಕ್ಕೆ, ನೃತ್ಯಕ್ಕೆ ಬೆರೆಸುವುದೇ ಲೇಸು. ಸೆಕೆಂಡಿಗೆ 59.94 ಇರುವುದರಿಂದ ನೆರಳು ಬಂದು ಹೋದದ್ದು ಟೀವಿಯಲ್ಲಿ ಗೊತ್ತಾಗುವುದು ಕಡಿಮೆ. ಕರಗಿದ ಕೈ ಮಾತ್ರ ಒಮ್ಮೆ ಕಂಡರೆ ಮರೆಯುವುದಿಲ್ಲ. ಇದಕ್ಕೆ ಒಪ್ಪದವರು ನಮ್ಮ ಗುಂಪಿನಲ್ಲೇ ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ.

ವಿಸಿಡಿಯ ಕಥೆ ಬೇರೆ. ಪಾಲ್ ವಿಸಿಡಿ 352 ಗುಣಿಸು 288. ಅಂದರೆ ಒಂದು ಫೀಲ್ಡನ್ನು ಆಗಲೇ ಎಸೆದಿದ್ದಾರೆ. ಬಿಡಿಸಲು ಏನೂ ಉಳಿದಿಲ್ಲ, ಸೆಕೆಂಡಿಗೆ 25 ಕ್ಷಣ ಅಷ್ಟೇ. ಇದನ್ನು ಎನ್‌ಟಿಎಸ್‌ಸಿ ವಿಸಿಡಿ ಮಾಡಲು ಹೋದರೆ 288 ಸಾಲು 240 ಆಗುತ್ತದೆ, ಇರುವುದೇ ಸ್ವಲ್ಪ, ಅದರಲ್ಲಿಯೂ ಕತ್ತರಿ. ಬದಲಿಗೆ ಎನ್‌ಟಿಎಸ್‌ಸಿ ಡಿವಿಡಿ ಮಾಡಿ. 288 ಸಾಲು 480ಕ್ಕೆ ಏರುತ್ತದೆ, ಒಂದೂ ಕಳೆಯುವುದಿಲ್ಲ. ಫ್ರೇಮ್ ವೇಗಕ್ಕೆ ಐದು ಚಿತ್ರವನ್ನು 12 ಫೀಲ್ಡಿಗೆ ಹಂಚಿ: 2, 2, 3, 2, 3. ನೆರಳಿಲ್ಲ, ಕರಗುವುದಿಲ್ಲ, ಸಣ್ಣ ಕಂಪನ ಮಾತ್ರ ಇರುತ್ತದೆ.

ವೇಣೂರಿನ ಬಾಹುಬಲಿ ಈ ಎಲ್ಲ ಕಾಲಗಳಿಗೂ ಸಾಕ್ಷಿ. 1604ರ ಆ 35 ಅಡಿ ಮೂರ್ತಿಗೆ 2000ದಲ್ಲಿ ಮಹಾಮಸ್ತಕಾಭಿಷೇಕ ಆದಾಗ ವಿಸಿಡಿ ಕಾಲ, 2012ರಲ್ಲಿ ಡಿವಿಡಿ, 2024ರಲ್ಲಿ ಎಲ್ಲರ ಕೈಯಲ್ಲಿ ಮೊಬೈಲು. ಮೂರ್ತಿ ಅಲ್ಲಾಡುವುದಿಲ್ಲ, ಹಾಗಾಗಿ ಯಾವ ವಿಧಾನಕ್ಕೂ ಸೈ. ಮೇಲಿಂದ ಇಳಿಯುವ ಹಾಲು, ಅರಸಿನದ ನೀರಿನಲ್ಲಿ ಮಾತ್ರ ಪರೀಕ್ಷೆ.

ಶ್ರುತಿ ಇಳಿಯಬಾರದು

ಇನ್ನೊಂದು ವಿಧಾನವನ್ನು ಸಾಫ್ಟ್‌ವೇರುಗಳು 'ಉತ್ತಮ ಗುಣಮಟ್ಟ' ಎಂದು ಹೊಗಳಿಕೊಳ್ಳುತ್ತವೆ. 25 ಫ್ರೇಮನ್ನು ನಿಧಾನ ಮಾಡಿ 23.976ಕ್ಕೆ ಇಳಿಸಿ, ಸಿನಿಮಾಕ್ಕೆ ಮಾಡುವ ಹಾಗೆ 29.97ಕ್ಕೆ ಹಂಚುವುದು. ಚಿತ್ರದಲ್ಲಿ ನೆರಳೇ ಬರುವುದಿಲ್ಲ. ಮೂಲತಃ 24 ಫ್ರೇಮಿನ ಸಿನಿಮಾ ರೀಲನ್ನು ಪಾಲ್‌ಗೆಂದು 25ಕ್ಕೆ ಓಡಿಸಿದ್ದರೆ ಇದು ನಿಜಕ್ಕೂ ಸರಿ, ಓಡಿಸಿದ್ದನ್ನು ಹಿಂದಕ್ಕೆ ತಂದ ಹಾಗೆ.

ಆದರೆ ಆಟದ ಡಿಸ್ಕಿಗೆ ಇದನ್ನು ಮಾಡಿದರೆ ಧ್ವನಿಯೂ ಶೇಕಡಾ 4ರಷ್ಟು ನಿಧಾನವಾಗುತ್ತದೆ. ಒಂದು ಗಂಟೆಯ ಪ್ರಸಂಗ ಎರಡೂವರೆ ನಿಮಿಷ ಉದ್ದವಾಗುತ್ತದೆ, ಅದನ್ನಾದರೂ ಸಹಿಸಬಹುದು. ಶ್ರುತಿ ಸುಮಾರು 0.72 ಸೆಮಿಟೋನ್ ಕೆಳಗೆ ಹೋಗುತ್ತದೆ. ಹಾರ್ಮೋನಿಯಮ್ ಲೆಕ್ಕದಲ್ಲಿ ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಒಂದರ ಹತ್ತಿರ, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಜಾಗದಲ್ಲಿ ನಿಲ್ಲುತ್ತದೆ. ಮೂಡಬಿದ್ರೆ ಸಮೀಪದ ಮಾರೂರಿನಲ್ಲಿ ನೆಲೆಸಿದ್ದು, 2023ರಲ್ಲಿ ನಮ್ಮನ್ನು ಅಗಲಿದ ಬಲಿಪ ನಾರಾಯಣ ಭಾಗವತರ ಏರುಕಂಠವನ್ನು ಕೇಳಿದವರಿಗೆ ಇದು ಎಂಥ ಅನ್ಯಾಯ ಎಂದು ಹೇಳಬೇಕಾಗಿಲ್ಲ. ಆ ಕಂಠವನ್ನು ಮುಕ್ಕಾಲು ಮನೆ ಕೆಳಗಿಳಿಸಿ ನ್ಯೂಜೆರ್ಸಿಯ ಮಗುವಿಗೆ 'ಇದೇ ಬಲಿಪರು' ಎಂದು ಕೇಳಿಸುವುದೇ? ಶ್ರುತಿ ಸರಿಪಡಿಸುವ ಫಿಲ್ಟರ್ ಹಾಕಬಹುದು, ಆದರೆ ತಾಳದ ವೇಗ ಹಿಂದೆ ಬರುವುದಿಲ್ಲ, ಚೆಂಡೆಯ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಅಜ್ಜಿಯ ಚೀಟಿಯಲ್ಲಿದ್ದ ಅರ್ಥಗಾರಿಕೆಗೂ ಇದೇ ಮಾತು. ನಿಧಾನ ಮಾಡಿದ ಧ್ವನಿ ಬೇರೆ ಯಾರದ್ದೋ ಆಗಿಬಿಡುತ್ತದೆ.

ನಿಯಮ ಒಂದೇ: ಧ್ವನಿಯ ಅವಧಿ ಮೂಲದಷ್ಟೇ ಇರಬೇಕು. ಚಿತ್ರವೇ ಅದಕ್ಕೆ ಹೊಂದಿಕೊಳ್ಳಲಿ. ಇಲ್ಲಿಯೇ ಆ ಸಾವಿರಕ್ಕೆ ಒಂದು ಬರುವುದು. ಚಿತ್ರವನ್ನು 60ಕ್ಕೆ ಲೆಕ್ಕ ಹಾಕಿ ಮಾಡಿ, ಆಮೇಲೆ 59.94 ಎಂದು ಚೀಟಿ ಅಂಟಿಸಿದರೆ ಗಂಟೆಗೆ 3.6 ಸೆಕೆಂಡ್ ತಪ್ಪುತ್ತದೆ. ಮೊದಲ ಹತ್ತು ನಿಮಿಷ ನೋಡಿದರೆ ಸರಿ ಇದೆ ಅನಿಸುತ್ತದೆ. ಕೊನೆಯ ಡಿಸ್ಕಿಗೆ ಬರುವಾಗ ಪದ್ಯ ಮುಗಿದ ಮೇಲೂ ಭಾಗವತರ ಬಾಯಿ ಆಡುತ್ತಾ ಇರುತ್ತದೆ. ಹಾಗಾಗಿ 60000 ಭಾಗಿಸು 1001 ಎಂದೇ ಕೊಡಿ, 60 ಎಂದೂ ಬೇಡ, 59.9 ಎಂದೂ ಬೇಡ.

ವಿಸಿಡಿಯ ಧ್ವನಿ 44.1 ಕಿಲೋಹರ್ಟ್ಜ್, ಡಿವಿಡಿಗೆ 48 ಬೇಕು. ಮರುಸ್ಯಾಂಪಲ್ ಮಾಡಿಯೇ ಬದಲಾಯಿಸಬೇಕು. ಮತ್ತೊಂದು ಗುಪ್ತ ಗುಂಡಿ: ಪಾಲ್ ಡಿವಿಡಿಗಳಲ್ಲಿ ಎಂಪೆಗ್ ಧ್ವನಿ ಒಂದೇ ಇದ್ದರೂ ನಡೆಯುತ್ತದೆ, ಎನ್‌ಟಿಎಸ್‌ಸಿ ಡಿಸ್ಕಿನಲ್ಲಿ ಪಿಸಿಎಂ ಅಥವಾ ಡಾಲ್ಬಿ ಎಸಿ3 ಇರಲೇಬೇಕು. ಇಲ್ಲದಿದ್ದರೆ ಅಲ್ಲಿನ ಪ್ಲೇಯರಿನಲ್ಲಿ ಚಿತ್ರ ಬಂದು ಮಾತು ಬಾರದೆ ಹೋಗಬಹುದು. ಆಟ, ತಾಳಮದ್ದಳೆಗೆ ಜಾಗ ಸಾಕಾದರೆ ಪಿಸಿಎಂ ಇಡಿ. ಅದು ಸೆಕೆಂಡಿಗೆ 1.536 ಮೆಗಾಬಿಟ್ ತಿನ್ನುತ್ತದೆ. 4.7 ಜಿಬಿಯ ಡಿಸ್ಕಿಗೆ ಎರಡು ಗಂಟೆ ತುಂಬಿದರೆ ಒಟ್ಟು ಸಿಗುವುದೇ 5.2, ಅಂದರೆ ಚಿತ್ರಕ್ಕೆ 3.7 ಉಳಿಯಿತು, ಅದು ಸಾಲದು. ಒಂದೂಕಾಲು ಗಂಟೆಗೊಂದು ಡಿಸ್ಕು ಮಾಡಿದರೆ ಧಾರಾಳ. ಡಿಸ್ಕಿನ ಬೆಲೆ ನೋಡಿ ಗಿಜಿಗುಟ್ಟಿಸಬೇಡಿ.

ಉಳಿದ ಕೆಲವು

ಫೀಲ್ಡ್ ಕ್ರಮ ನೋಡಿಕೊಳ್ಳಿ. ಮಿನಿ ಡಿವಿ ಕ್ಯಾಸೆಟ್ಟಿನಿಂದ ಬಂದದ್ದರಲ್ಲಿ ಕೆಳಗಿನ ಫೀಲ್ಡ್ ಮೊದಲು, ಬೇರೆಯವುಗಳಲ್ಲಿ ಹೆಚ್ಚಾಗಿ ಮೇಲಿನದ್ದು ಮೊದಲು. ತಿರುವುಮುರುವಾದರೆ ಓಡುವ ಕೋಣ ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗುತ್ತಾ ನಡುಗುತ್ತದೆ. ಫೈಲಿನ ಒಳಗೆ ಬರೆದದ್ದನ್ನು ನಂಬುವುದಕ್ಕಿಂತ ಹತ್ತು ಸೆಕೆಂಡಿನ ತುಂಡನ್ನು ಬಾಬ್ ಮಾಡಿ ಒಂದೊಂದೇ ಫ್ರೇಮ್ ದಾಟಿಸಿ ನೋಡಿ.

ಚಿತ್ರದ ಅಳತೆ ಬದಲಾಯಿಸುವಾಗ ಮೇಲೆ ಕೆಳಗೆ ಕತ್ತರಿಸುವುದು ಬೇಡ. 4:3 ಇದ್ದದ್ದು 4:3 ಆಗಿಯೇ ಇರಲಿ, ಪಿಕ್ಸೆಲಿನ ಆಕಾರ ಬದಲಾಗುತ್ತದೆ ಅಷ್ಟೇ. ಮೆನು ಸೇರಿಸುವುದಿದ್ದರೆ ಅದೂ ಎನ್‌ಟಿಎಸ್‌ಸಿಯಲ್ಲಿರಬೇಕು. 'ಡಿವಿಡಿಸ್ಟೈಲರ್'ನಲ್ಲಿ ಯೋಜನೆ ತೆರೆಯುವಾಗಲೇ ಕೇಳುತ್ತದೆ. ಬರೆಯುವ ವೇಗ ಕಡಿಮೆ ಇರಲಿ.

ಅಮೆರಿಕದ ಮಾವ ಉಡುಗೊರೆ ಕೊಟ್ಟ ಕ್ಯಾಮೆರಾದಲ್ಲಿ ಊರಿನ ಆಟ ತೆಗೆದವರೂ ಇದ್ದಾರೆ. ಅದು ಹುಟ್ಟಿನಿಂದ ಎನ್‌ಟಿಎಸ್‌ಸಿ, ಪರಿವರ್ತನೆ ಬೇಡ. ಆದರೆ ರಂಗದ ಟ್ಯೂಬ್‌ಲೈಟು ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾ ನೋಡುವುದು 59.94 ಸಲ. ಎರಡರ ಹೊಂದಾಣಿಕೆ ತಪ್ಪಿ 119.88ರಲ್ಲಿ 100 ಕಳೆದರೆ ಉಳಿಯುವ ಸುಮಾರು 20 ಹರ್ಟ್ಜಿನ ಮಿನುಗು ಚಿತ್ರದಲ್ಲಿ ಕೂತುಬಿಡುತ್ತದೆ. ಸಿಗ್ನಲ್ಸ್ ಕ್ಲಾಸಿನಲ್ಲಿ ಏಲಿಯಾಸಿಂಗ್ ಅರ್ಥವಾಗದವರು ಈ ಡಿಸ್ಕನ್ನು ಐದು ನಿಮಿಷ ನೋಡಬಹುದು.

ಒಮ್ಮೆ ಬದಲಾಯಿಸಿದ ಡಿಸ್ಕನ್ನು ಮತ್ತೆ ಬದಲಾಯಿಸಬೇಡಿ. ಅಮೆರಿಕದಲ್ಲಿ ಮಾಡಿಸಿದ ಎನ್‌ಟಿಎಸ್‌ಸಿ ನಕಲು ಮಾತ್ರ ಉಳಿದಿದೆ, ಅದರಿಂದ ಪಾಲ್ ಮಾಡಿ ಕೊಡಿ ಎಂದರೆ ಹಾಗೇ ಇಟ್ಟುಕೊಳ್ಳಲು ಹೇಳಿ. ನೆರಳಿನ ಮೇಲೆ ನೆರಳು ಬೀಳುತ್ತದೆ. ಟೀವಿಯ ಎದುರು ಮೊಬೈಲ್ ಹಿಡಿದು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುವವರನ್ನು ನೋಡಿ ನಗಬೇಡಿ. ಎಲೆಕ್ಟ್ರಾನಿಕ್ ಸಾಧನ ಬರುವ ಮೊದಲು ಟೀವಿ ಕೇಂದ್ರಗಳೂ ಒಂದು ಪದ್ಧತಿಯ ಪರದೆಗೆ ಇನ್ನೊಂದು ಪದ್ಧತಿಯ ಕ್ಯಾಮೆರಾ ಹಿಡಿದೇ ಬದಲಾಯಿಸುತ್ತಿದ್ದವು.

ಡಿಸ್ಕ್ ಬರೆದಾದ ಮೇಲೆ ಮೂರು ಕಡೆ ನೋಡಿ: ಮೊದಲ ಐದು ನಿಮಿಷ, ಅತಿ ಹೆಚ್ಚು ಕುಣಿತ ಇರುವ ಜಾಗ, ಕೊನೆಯ ಐದು ನಿಮಿಷ. ಕೊನೆಯದರಲ್ಲಿ ಚೆಂಡೆಯ ಕೋಲು ಬೀಳುವುದೂ ಸದ್ದು ಕೇಳುವುದೂ ಒಟ್ಟಿಗೆ ಆಗುತ್ತಿದ್ದರೆ ಧ್ವನಿ ಸರಿ. ನಮ್ಮ ಪ್ಲೇಯರ್ ಎರಡನ್ನೂ ಓಡಿಸುವುದರಿಂದ 'ಇಲ್ಲಿ ಓಡಿತು' ಎಂಬುದು ಸಾಕ್ಷಿಯಲ್ಲ. ಫೈಲನ್ನು ಮೀಡಿಯಾಇನ್ಫೋದಲ್ಲಿ ತೆರೆದು 480, 29.97, ಎಸಿ3 ಅಥವಾ ಪಿಸಿಎಂ ಎಂದು ಬರುವುದನ್ನು ಕಣ್ಣಾರೆ ನೋಡಿ. ಮೂಲ ಪಾಲ್ ಇಮೇಜನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಜೊತೆಗೇ ಕಳಿಸಿ, ಇನ್ನೊಂದು ನಕಲು ಊರಿನ ಮನೆಯಲ್ಲಿರಲಿ. ಡಿಸ್ಕಿನ ಮೇಲೆ ಮಾರ್ಕರಿನಲ್ಲಿ ಪ್ರಸಂಗದ ಹೆಸರು, ಊರು, ತಾರೀಕು, ಭಾಗವತರು ಯಾರು, 'ಎನ್‌ಟಿಎಸ್‌ಸಿ ನಕಲು, ಮೂಲ ಪಾಲ್' ಇಷ್ಟು ಬರೆಯಿರಿ. ಬಾಲ್‌ಪೆನ್ನಿನಲ್ಲಿ ಬೇಡ.